ಗ್ಲಯೋಮಾ ಮಾಲಿಕ್ಯುಲರ್ ಟೆಸ್ಟ್: ದಾವಣಗೆರೆಯಿಂದ ಕಳಿಸುವಾಗ ಯಾವುದಕ್ಕೆ ದುಡ್ಡು ಕೊಡಬೇಕು, ಯಾವುದಕ್ಕೆ ಬೇಡ

ಗ್ಲಯೋಮಾ ಎಂಬ ಮಿದುಳಿನ ಗಡ್ಡೆಯ ಆಪರೇಷನ್ ದಾವಣಗೆರೆಯಲ್ಲೇ ಆಯಿತು, ಬಯಾಪ್ಸಿ ರಿಪೋರ್ಟೂ ಇಲ್ಲೇ ಬಂತು ಎಂದುಕೊಳ್ಳಿ. ಅದರ ಕೊನೆಯಲ್ಲಿ "ಮಾಲಿಕ್ಯುಲರ್ ಪರೀಕ್ಷೆ ಅಗತ್ಯ" (ಅಂದರೆ ಗಡ್ಡೆಯ ಜೀನ್‌ಗಳ ಪರೀಕ್ಷೆ) ಎಂಬ ಒಂದು ಸಾಲು ಇದ್ದರೆ ಮನೆಯವರ ಓಡಾಟ ಹೊಸದಾಗಿ ಶುರುವಾಗುತ್ತದೆ. ಕಲೆಕ್ಷನ್ ಸೆಂಟರ್‌ನವರು ಬ್ಲಾಕ್ (ಮೇಣದಲ್ಲಿ ಕೂರಿಸಿದ ಗಡ್ಡೆಯ ತುಣುಕು) ತೆಗೆದುಕೊಂಡು ಬೆಂಗಳೂರು, ಮುಂಬೈ ಕಡೆಯ ದೊಡ್ಡ ಲ್ಯಾಬ್‌ಗೆ ಕಳಿಸುತ್ತಾರೆ, ಕೆಲವು ದಿನ ಅಥವಾ ಕೆಲವು ವಾರ ಬಿಟ್ಟು ಪಿಡಿಎಫ್ ಬರುತ್ತದೆ. ಇಲ್ಲಿ ವಿಮರ್ಶೆ ಮಾಡುತ್ತಿರುವುದು ಆ ಸೇವೆಯನ್ನು, ಯಾವುದೋ ಒಂದು ಲ್ಯಾಬನ್ನಲ್ಲ. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಟೆಸ್ಟ್ ಬೇಕೇ ಬೇಕು, ಆದರೆ "ಕಂಪ್ಲೀಟ್ ಪ್ಯಾನೆಲ್" (ಎಲ್ಲ ಟೆಸ್ಟುಗಳು ಒಟ್ಟಿಗೆ) ಎಂದು ಮೊದಲ ದಿನವೇ ಬರೆಸಿಕೊಳ್ಳುವುದು ಬಹಳ ಮಂದಿಗೆ ಅನವಶ್ಯಕ. ಜೊತೆಗೆ, ಅಲ್ಲಿನ ಮಷೀನ್ ಎಷ್ಟೇ ದುಬಾರಿಯದಾದರೂ ಫಲಿತಾಂಶದ ಗುಣಮಟ್ಟ ಹೆಚ್ಚಿನ ಮಟ್ಟಿಗೆ ನಿರ್ಧಾರವಾಗುವುದು ನಮ್ಮೂರಲ್ಲೇ, ಗಡ್ಡೆ ಹೊರಬಂದ ಮೊದಲ ಗಂಟೆಯಲ್ಲಿ.

ಟೆಸ್ಟ್ ಯಾಕೆ ಬೇಕು ಅನ್ನುವುದನ್ನು ಚುಟುಕಾಗಿ ಹೇಳಬಹುದು. ಗ್ಲಯೋಮಾಗಳನ್ನು ಬಹುಕಾಲ ಮೈಕ್ರೋಸ್ಕೋಪಿನಲ್ಲಿ ಕಂಡ ರೂಪದಿಂದಲೇ ವಿಂಗಡಿಸುತ್ತಿದ್ದರು. 2016ರಲ್ಲಿ ಡಬ್ಲ್ಯುಎಚ್‌ಒ ವರ್ಗೀಕರಣ ಜೀನ್‌ಗಳ ಮಾಹಿತಿಯನ್ನು ರೋಗದ ಹೆಸರಿನೊಳಗೇ ಸೇರಿಸಿತು, 2021ರ ಐದನೇ ಆವೃತ್ತಿ ಅದನ್ನು ಇನ್ನಷ್ಟು ಬಿಗಿ ಮಾಡಿತು. ಈಗ ಐಡಿಎಚ್ ಜೀನ್ ಬದಲಾಗಿದ್ದರೆ (ಮ್ಯುಟೇಷನ್ ಆಗಿದ್ದರೆ) ಅದು ಆಸ್ಟ್ರೋಸೈಟೋಮಾ ಅಥವಾ ಆಲಿಗೋಡೆಂಡ್ರೋಗ್ಲಯೋಮಾ, ಎರಡೂ ಗ್ಲಯೋಮಾದ ಬಗೆಗಳೇ. ದೊಡ್ಡವರಲ್ಲಿ ಐಡಿಎಚ್ ಬದಲಾಗದ ಆಸ್ಟ್ರೋಸೈಟಿಕ್ ಗಡ್ಡೆಯಲ್ಲಿ ನೆಕ್ರೋಸಿಸ್ (ಸತ್ತ ಅಂಗಾಂಶ) ಅಥವಾ ರಕ್ತನಾಳಗಳ ಅತಿಬೆಳವಣಿಗೆ ಕಂಡರೆ ಅದು ಗ್ಲಯೋಬ್ಲಾಸ್ಟೋಮಾ, ಅತಿ ಉಗ್ರ ಬಗೆ. ಇವೆರಡೂ ಕಾಣದೆ ಗಡ್ಡೆ ಸೌಮ್ಯವಾಗಿ ತೋರಿದರೂ ಟರ್ಟ್ ಜೀನ್‌ನ ಪ್ರಮೋಟರ್‌ನಲ್ಲಿ (ಜೀನನ್ನು ಚಾಲೂ ಮಾಡುವ ಭಾಗದಲ್ಲಿ) ಮ್ಯುಟೇಷನ್, ಇಜಿಎಫ್‌ಆರ್ ಆಂಪ್ಲಿಫಿಕೇಶನ್ (ಆ ಜೀನ್‌ನ ಪ್ರತಿಗಳು ಅತಿಯಾಗುವುದು), ಅಥವಾ 7ನೇ ಕ್ರೋಮೋಸೋಮ್ ಹೆಚ್ಚಾಗಿ 10ನೆಯದು ನಷ್ಟವಾಗಿರುವುದು ಇದ್ದರೆ ಅದೂ ಗ್ಲಯೋಬ್ಲಾಸ್ಟೋಮಾವೇ. ಹೆಸರು ಬದಲಾದರೆ ರೇಡಿಯೇಷನ್, ಔಷಧಿ, ಮುಂದಿನ ಅಂದಾಜು ಎಲ್ಲವೂ ಬದಲಾಗುತ್ತದೆ.

ಈಗ ಗಡ್ಡೆಯ ತುಣುಕು ಕೆಡದಂತೆ ನೆನೆಹಾಕುವ ಫಾರ್ಮಾಲಿನ್ ವಿಚಾರ. ಈ ಇಡೀ ಸೇವೆಯಲ್ಲಿ ಅತಿ ಅಗ್ಗದ ವಸ್ತು ಇದು, ಅತಿ ಹೆಚ್ಚು ಕೆಲಸ ಕೆಡುವುದೂ ಇದರಿಂದಲೇ. ಬೇಕಾದದ್ದು 10% ನ್ಯೂಟ್ರಲ್ ಬಫರ್ಡ್ ಫಾರ್ಮಾಲಿನ್. ಒಂದು ಲೀಟರಿಗೆ 100 ಮಿಲಿ ಗಟ್ಟಿ ಫಾರ್ಮಾಲಿನ್ (37ರಿಂದ 40% ಫಾರ್ಮಾಲ್ಡಿಹೈಡ್), 900 ಮಿಲಿ ಡಿಸ್ಟಿಲ್ಡ್ ವಾಟರ್, 4 ಗ್ರಾಂ ಸೋಡಿಯಂ ಡೈಹೈಡ್ರೋಜನ್ ಫಾಸ್ಫೇಟ್, 6.5 ಗ್ರಾಂ ಡೈಸೋಡಿಯಂ ಹೈಡ್ರೋಜನ್ ಫಾಸ್ಫೇಟ್. ಪಿಎಚ್ 7ರ ಆಸುಪಾಸು ಇರಬೇಕು. ಬರೀ ನಲ್ಲಿ ನೀರಿಗೆ ಫಾರ್ಮಾಲಿನ್ ಬೆರೆಸಿಟ್ಟರೆ ದಿನ ಕಳೆದಂತೆ ಅದು ಹುಳಿಯಾಗುತ್ತದೆ, ಫಾರ್ಮಿಕ್ ಆಸಿಡ್ ಹುಟ್ಟಿ ಡಿಎನ್ಎ ತುಂಡಾಗುತ್ತದೆ. ಸ್ಲೈಡ್ ನೋಡಿದರೆ ಎಲ್ಲ ಸರಿಯಾಗಿಯೇ ಕಾಣಬಹುದು, ಸ್ಥಳೀಯ ರಿಪೋರ್ಟೂ ಸಲೀಸಾಗಿ ಬರಬಹುದು. ಮೂರು ವಾರ ಕಾದ ಮೇಲೆ ದೂರದ ಲ್ಯಾಬ್‌ನಿಂದ "ಡಿಎನ್ಎ ಗುಣಮಟ್ಟ ಸಾಲದು" ಎಂದು ಬಂದಾಗಲೇ ವಿಷಯ ಗೊತ್ತಾಗುವುದು.

ಇನ್ನೊಂದು ಅಪಾಯ ಹೆಚ್ಚು ಸೂಕ್ಷ್ಮದ್ದು. ಫಾರ್ಮಾಲಿನ್‌ನಿಂದ ಹಾಳಾದ ಡಿಎನ್ಎಯಲ್ಲಿ ಸೈಟೋಸಿನ್ ಅಕ್ಷರ ಥೈಮಿನ್‌ನಂತೆ ಓದಲ್ಪಡುತ್ತದೆ. ಎದುರು ಎಳೆಯಲ್ಲಿ ನೋಡಿದರೆ ಜಿ ಹೋಗಿ ಎ ಬಂದಂತೆ. ಐಡಿಎಚ್1 ಜೀನ್‌ನ ಪ್ರಮುಖ ಮ್ಯುಟೇಷನ್ ಆರ್132ಎಚ್ ಕೂಡ 395ನೇ ಜಾಗದಲ್ಲಿ ಜಿ ಹೋಗಿ ಎ ಬಂದದ್ದೇ! ಹಾಗಾಗಿ ಕೆಟ್ಟ ಸ್ಯಾಂಪಲ್‌ನಲ್ಲಿ ಎರಡು ಮೂರು ಪರ್ಸೆಂಟ್ ಮಟ್ಟದ ಮ್ಯುಟೇಷನ್ ವರದಿಯಾದರೆ ಕಣ್ಣು ಮುಚ್ಚಿ ನಂಬಬಾರದು, ಸ್ಟೇನಿಂಗ್ (ಸ್ಲೈಡಿಗೆ ಬಣ್ಣ ಹಾಕುವ ಟೆಸ್ಟ್) ಜೊತೆ ತಾಳೆ ನೋಡಬೇಕು.

ಪ್ರಮಾಣ, ಸಮಯ ಎರಡೂ ಮುಖ್ಯ. ತುಣುಕಿನ ಕನಿಷ್ಠ ಹತ್ತರಷ್ಟು ಫಾರ್ಮಾಲಿನ್, ಅಗಲ ಬಾಯಿಯ ಡಬ್ಬಿ, 6ರಿಂದ 72 ಗಂಟೆ. ಶನಿವಾರ ಸಂಜೆ ಆಪರೇಷನ್ ಆಗಿ ಮಧ್ಯೆ ಹಬ್ಬದ ರಜೆ ಬಂದರೆ 72 ಗಂಟೆ ದಾಟುವುದು ಏನೂ ಕಷ್ಟವಲ್ಲ, ಪ್ರೊಸೆಸಿಂಗ್ ಯಾವಾಗ ಎಂದು ಆಗಲೇ ಕೇಳಿ. ಸಲೈನ್‌ನಲ್ಲಿ ನೆನೆಹಾಕಿದ, ಗಾಜ್ ಬಟ್ಟೆಯ ಮೇಲೆ ಒಣಗಿದ ತುಣುಕು ಏಪ್ರಿಲ್ ಬಿಸಿಲಿನಲ್ಲಿ ಬೇಗ ಕೆಡುತ್ತದೆ. ಸರ್ಜನ್ ಕಾಟರಿಯಿಂದ ಸುಟ್ಟ ಅಂಚಿಗಿಂತ ನಡುವಿನ ಜೀವಂತ ಭಾಗ ಕೊಟ್ಟರೆ ಒಳ್ಳೆಯದು. ಗಡ್ಡೆಯನ್ನು ಚೂರು ಮಾಡಿ ಹೀರುವ ಅಲ್ಟ್ರಾಸಾನಿಕ್ ಆಸ್ಪಿರೇಟರ್ ಯಂತ್ರದ ಚೀಲದಲ್ಲಿ ಸೇರಿದ ಚೂರುಗಳನ್ನೂ ಎಸೆಯಬಾರದು, ಎಷ್ಟೋ ಸಲ ಡಿಎನ್ಎಗೆ ಸಾಕಾಗುವಷ್ಟು ಗಡ್ಡೆ ಅದರಲ್ಲೇ ಇರುತ್ತದೆ. ಮೂಳೆ ಅಂಟಿದ ತುಣುಕನ್ನು ಆಸಿಡ್‌ಗೆ ಹಾಕಿ ಮೆದು ಮಾಡಿದರೆ ಆ ಬ್ಲಾಕ್ ಮಾಲಿಕ್ಯುಲರ್ ಟೆಸ್ಟಿಗೆ ಹೆಚ್ಚುಕಡಿಮೆ ಉಪಯೋಗವಿಲ್ಲ. ಮೃದು ಭಾಗವನ್ನು ಬೇರೆ ಬ್ಲಾಕ್ ಮಾಡಿಸಿ.

ಕೊರಿಯರ್ ವಿಷಯದಲ್ಲಿ ಹೇಳಬೇಕಾದ್ದು ಕಡಿಮೆ. ಪ್ಯಾರಾಫಿನ್ ಮೇಣ 56 ಡಿಗ್ರಿ ಆಸುಪಾಸಿನಲ್ಲಿ ಕರಗುತ್ತದೆ. ದಾವಣಗೆರೆಯಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ಬೇಸಿಗೆಯಲ್ಲಿ ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬ್ಲಾಕ್ ಇಟ್ಟುಕೊಂಡು ಹೋಗಬೇಡಿ. ಸಣ್ಣ ಥರ್ಮಾಕೋಲ್ ಡಬ್ಬಿ, ಪಕ್ಕದಲ್ಲಿ ಬಟ್ಟೆ ಸುತ್ತಿದ ಜೆಲ್ ಪ್ಯಾಕ್ ಇದ್ದರೆ ಸಾಕು. ಜೊತೆಗೆ ಬಯಾಪ್ಸಿ ರಿಪೋರ್ಟ್, ಎಂಆರ್‌ಐ ಸಾರಾಂಶ, ವಯಸ್ಸು, ಗಡ್ಡೆ ಇದ್ದ ಜಾಗ ಬರೆದ ಚೀಟಿ ಇರಬೇಕು. ಈ ಚೀಟಿ ಇಲ್ಲದೆ ಹೋದ ಸ್ಯಾಂಪಲ್‌ಗೆ ಲ್ಯಾಬ್‌ನವರು ಯಾವ ಟೆಸ್ಟ್ ಮುಖ್ಯ ಎಂದು ಯೋಚಿಸುವುದಿಲ್ಲ, ಫಾರಂನಲ್ಲಿ ಗುರುತು ಹಾಕಿದ್ದನ್ನು ಮಾಡಿ ಕಳಿಸುತ್ತಾರೆ.

ಟೆಸ್ಟುಗಳಲ್ಲಿ ಮೊದಲ ಸ್ಥಾನ ಐಎಚ್‌ಸಿ ಸ್ಟೇನಿಂಗ್‌ಗೆ. ಆ್ಯಂಟಿಬಾಡಿ ಬಳಸಿ ಒಂದೊಂದು ಪ್ರೋಟೀನಿಗೆ ಬಣ್ಣ ಹಿಡಿಸುವ ವಿಧಾನ ಇದು: ಅಗ್ಗ, ಬೇಗ, ನಂಬಿಕಸ್ಥ. ಐಡಿಎಚ್1 ಆರ್132ಎಚ್, ಎಟಿಆರ್‌ಎಕ್ಸ್, ಪಿ53, ಕೆಐ67: ಈ ನಾಲ್ಕನ್ನು ಮೊದಲು ಮಾಡಿಸಿ. ಗಡ್ಡೆ ಥಲಾಮಸ್, ಬ್ರೈನ್‌ಸ್ಟೆಮ್, ಬೆನ್ನುಹುರಿಯಂಥ ಮಧ್ಯರೇಖೆಯಲ್ಲಿದ್ದರೆ, ಅದರಲ್ಲೂ ಮಕ್ಕಳಾದರೆ, ಎಚ್3 ಕೆ27ಎಂ ಸೇರಿಸಿ. ಎಟಿಆರ್‌ಎಕ್ಸ್ ಸ್ಲೈಡ್ ಓದುವಾಗ ಗಮನಿಸಬೇಕಾದ ಒಂದು ಅಂಶವಿದೆ. "ಎಟಿಆರ್‌ಎಕ್ಸ್ ನಷ್ಟ" ಎನ್ನಬೇಕಾದರೆ ಗಡ್ಡೆಯ ನ್ಯೂಕ್ಲಿಯಸ್‌ಗಳು ನೀಲಿಯಾಗಿಯೇ ಉಳಿದಿರಬೇಕು, ಅದೇ ಸ್ಲೈಡಿನಲ್ಲಿ ರಕ್ತನಾಳದ ಒಳಪದರದ ಕೋಶಗಳು, ಸಿಕ್ಕಿಬಿದ್ದ ನ್ಯೂರಾನ್‌ಗಳು ಕಂದು ಬಣ್ಣ ಹಿಡಿದಿರಬೇಕು. ಅವೂ ನೀಲಿಯಾಗಿದ್ದರೆ ನಷ್ಟವಾದದ್ದು ಜೀನ್ ಅಲ್ಲ, ಸ್ಟೇನ್ ಕೆಲಸ ಮಾಡಿಲ್ಲ. ಒಳ್ಳೆಯ ರಿಪೋರ್ಟ್ "ಇಂಟರ್ನಲ್ ಕಂಟ್ರೋಲ್ ಸರಿಯಾಗಿದೆ" ಎಂದು ಬರೆಯುತ್ತದೆ. ಆ ಸಾಲು ಇಲ್ಲದಿದ್ದರೆ ಫೋನ್ ಮಾಡಿ ಕೇಳಿ.

ಐಡಿಎಚ್ ಸ್ಟೇನ್ ನೆಗೆಟಿವ್ ಬಂದರೆ ಮಾತು ಮುಗಿಯಿತು ಎಂದಲ್ಲ. ಗ್ಲಯೋಮಾದ ಐಡಿಎಚ್ ಮ್ಯುಟೇಷನ್‌ಗಳಲ್ಲಿ ಸುಮಾರು ಹತ್ತರಲ್ಲಿ ಒಂಬತ್ತು ಆರ್132ಎಚ್. ಉಳಿದ ಆರ್132ಸಿ, ಐಡಿಎಚ್2ರ ಆರ್172ಕೆ ಮುಂತಾದವು ಈ ಆ್ಯಂಟಿಬಾಡಿಗೆ ಸಿಗುವುದೇ ಇಲ್ಲ. 55 ದಾಟಿದವರಲ್ಲಿ, ನೋಡಿದ ಕೂಡಲೇ ಗ್ಲಯೋಬ್ಲಾಸ್ಟೋಮಾ ಎನ್ನುವಂತಿದ್ದು, ಗಡ್ಡೆ ಮಧ್ಯರೇಖೆಯಲ್ಲಿಲ್ಲದೆ, ಎಟಿಆರ್‌ಎಕ್ಸ್ ಉಳಿದಿದ್ದು, ಹಿಂದೆ ಕಡಿಮೆ ಗ್ರೇಡಿನ ಗಡ್ಡೆ ಇರಲಿಲ್ಲವಾದರೆ ನೆಗೆಟಿವ್‌ಗೆ ನಿಲ್ಲಿಸಬಹುದು. ಅದಕ್ಕಿಂತ ಚಿಕ್ಕವರಲ್ಲಿ ಸೀಕ್ವೆನ್ಸಿಂಗ್ (ಜೀನ್‌ನ ಅಕ್ಷರಗಳನ್ನು ಓದುವ ಟೆಸ್ಟ್) ಮಾಡಿಸಲೇಬೇಕು. ಈ ಮ್ಯುಟೇಷನ್ ಗ್ಲಯೋಬ್ಲಾಸ್ಟೋಮಾದಲ್ಲಿ ಮೊದಲು ಕಂಡದ್ದು 2008ರಲ್ಲಿ, ಜಾನ್ಸ್ ಹಾಪ್ಕಿನ್ಸ್ ತಂಡಕ್ಕೆ. ಅದು ಹುಟ್ಟಿಸುವ 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ವಸ್ತು ಮರುವರ್ಷವೇ ಪತ್ತೆಯಾಯಿತು. ಆ ದಾರಿ ಹಿಡಿದು ಬಂದ ವೊರಾಸಿಡೆನಿಬ್ ಮಾತ್ರೆ ಎರಡನೇ ಗ್ರೇಡಿನ ಐಡಿಎಚ್ ಗಡ್ಡೆಗಳಲ್ಲಿ ರೋಗ ಮುಂದುವರಿಯದ ಅವಧಿಯನ್ನು 11.1 ತಿಂಗಳಿನಿಂದ 27.7 ತಿಂಗಳಿಗೆ ಒಯ್ದದ್ದು 2023ರ ಪ್ರಯೋಗದಲ್ಲಿ. ಒಂದು ಸ್ಟೇನಿನ ಫಲಿತಾಂಶಕ್ಕೆ ಈಗ ಔಷಧಿಯ ಅರ್ಥವೂ ಬಂದಿದೆ ಅನ್ನುವುದಕ್ಕೆ ಈ ಲೆಕ್ಕ.

1 ಮತ್ತು 19ನೇ ಕ್ರೋಮೋಸೋಮ್‌ಗಳ ಒಂದೊಂದು ತೋಳು ನಷ್ಟವಾಗಿದೆಯೇ ಎಂದು ನೋಡುವ 1ಪಿ/19ಕ್ಯೂ ಫಿಶ್ ಟೆಸ್ಟನ್ನು ಎಲ್ಲರಿಗೂ ಬರೆಯುವುದು ದುಡ್ಡಿನ ದಂಡ. ಐಡಿಎಚ್ ಬದಲಾಗಿ ಎಟಿಆರ್‌ಎಕ್ಸ್ ಸ್ಪಷ್ಟವಾಗಿ ನಷ್ಟವಾಗಿದ್ದರೆ ಅದು ಆಸ್ಟ್ರೋಸೈಟೋಮಾ, ಫಿಶ್ ಬೇಡ. ಐಡಿಎಚ್ ಬದಲಾಗಿ ಎಟಿಆರ್‌ಎಕ್ಸ್ ಉಳಿದಿದ್ದರೆ ಬೇಕೇ ಬೇಕು, ಎರಡೂ ತೋಳು ಹೋಗಿದ್ದರೆ ಅದು ಆಲಿಗೋಡೆಂಡ್ರೋಗ್ಲಯೋಮಾ. ಇದರ ದೌರ್ಬಲ್ಯವೂ ತಿಳಿದಿರಲಿ: ಪ್ರೋಬ್ ಅಂಟುವುದು ಕ್ರೋಮೋಸೋಮ್ ತೋಳಿನ ಒಂದು ಚಿಕ್ಕ ಜಾಗಕ್ಕೆ, ಆದರೆ ರೋಗನಿರ್ಣಯಕ್ಕೆ ಇಡೀ ತೋಳು ಹೋಗಿರಬೇಕು. ಸೆರಗಿನ ತುದಿ ನೋಡಿ ಇಡೀ ಸೀರೆ ಹರಿದಿದೆ ಎಂದಂತೆ ಆಗಬಾರದು. ಐಡಿಎಚ್ ಬದಲಾಗದ ಗಡ್ಡೆಯಲ್ಲಿ ಫಿಶ್ "ಡಿಲೀಷನ್" ಎಂದರೆ ಅದನ್ನು ಆಲಿಗೋ ಎಂದು ಓದಕೂಡದು.

ಎಂಜಿಎಂಟಿ ಮಿಥೈಲೇಷನ್ ಟೆಸ್ಟಿನಲ್ಲೇ ಲ್ಯಾಬ್‌ಗಳ ನಡುವಿನ ವ್ಯತ್ಯಾಸ ಎದ್ದು ಕಾಣುವುದು. ಎಂಜಿಎಂಟಿ ಕಿಣ್ವ ಟೆಮೊಜೊಲೊಮೈಡ್ ಎಂಬ ಕೀಮೋ ಮಾತ್ರೆ ಡಿಎನ್ಎಗೆ ಮಾಡಿದ ಗಾಯವನ್ನು ರಿಪೇರಿ ಮಾಡಿ ಗಡ್ಡೆಯನ್ನು ಉಳಿಸುತ್ತದೆ; ಜೀನ್‌ನ ಪ್ರಮೋಟರ್ ಮಿಥೈಲ್ ಆಗಿದ್ದರೆ (ರಾಸಾಯನಿಕ ಗುರುತು ಬಿದ್ದು ಮುಚ್ಚಿದ್ದರೆ) ಕಿಣ್ವ ತಯಾರಾಗುವುದಿಲ್ಲ, ಔಷಧಿ ಕೆಲಸ ಮಾಡುತ್ತದೆ. 2000ದಲ್ಲಿ ಮನೆಲ್ ಎಸ್ಟೆಲ್ಲರ್ ತಂಡ ಇದರ ಸುಳಿವು ಕೊಟ್ಟಿತು. ಸ್ವಿಟ್ಜರ್ಲೆಂಡಿನ ಲೊಸಾನ್‌ನ ಮೋನಿಕಾ ಹೆಗಿ 2005ರಲ್ಲಿ ದೊಡ್ಡ ಪ್ರಯೋಗವೊಂದರ 206 ಗಡ್ಡೆಗಳನ್ನು ಪರೀಕ್ಷಿಸಿ ಗಟ್ಟಿ ಮಾಡಿದರು: ಮಿಥೈಲ್ ಆದವರಲ್ಲಿ ರೇಡಿಯೇಷನ್ ಜೊತೆ ಟೆಮೊಜೊಲೊಮೈಡ್ ಕೊಟ್ಟಾಗ ಮಧ್ಯಮ ಬದುಕುಳಿಯುವಿಕೆ 21.7 ತಿಂಗಳು, ರೇಡಿಯೇಷನ್ ಮಾತ್ರ ಆದರೆ 15.3. ಮಿಥೈಲ್ ಆಗದವರಲ್ಲಿ 12.7 ಮತ್ತು 11.8. ಆ ಒಂದು ಜೀನ್ ಮೇಲೆ ಅವರು ವರ್ಷಗಟ್ಟಲೆ ಮಾಡಿದ ಕೆಲಸ ಇವತ್ತು ನಿಮ್ಮ ಕೈಯಲ್ಲಿರುವ ರಿಪೋರ್ಟಿನ ಒಂದು ಸಾಲಾಗಿದೆ. ಆ ಸಾಲನ್ನು ಅಸಡ್ಡೆಯಿಂದ ಬರೆಯುವ ಲ್ಯಾಬ್ ನಮಗೆ ಇಷ್ಟವಾಗುವುದಿಲ್ಲ.

ಅಸಡ್ಡೆ ಎಂದರೆ ಹೀಗೆ: "ಮಿಥೈಲೇಟೆಡ್" ಎಂದಷ್ಟೇ ಬರೆದು ವಿಧಾನ, ಪರ್ಸೆಂಟ್, ಗೆರೆ ಎಳೆದದ್ದು ಎಲ್ಲಿ ಎಂಬುದನ್ನು ಬಿಡುವುದು. ಮಿಥೈಲೇಷನ್ ಎಷ್ಟು ಎಂದು ಅಳೆಯುವ ಪೈರೋಸೀಕ್ವೆನ್ಸಿಂಗ್ ಆದರೆ ಯಾವ ಸಿಪಿಜಿ ಜಾಗಗಳು (ಮಿಥೈಲ್ ಗುರುತು ಬೀಳುವ ಜಾಗಗಳು), ಸರಾಸರಿ ಎಷ್ಟು ಪರ್ಸೆಂಟ್ ಎಂದು ಇರಬೇಕು. 8ರಿಂದ 10% ಸುತ್ತಮುತ್ತ ಬಂದರೆ ಅದು ಅನುಮಾನದ ವಲಯ ಎಂದು ಬರೆಯಬೇಕು. ಐಎಚ್‌ಸಿಯಲ್ಲಿ ಮಾಡಿದ ಎಂಜಿಎಂಟಿಯನ್ನು ಈ ಟೆಸ್ಟಿಗೆ ಬದಲಿಯಾಗಿ ಒಪ್ಪಬೇಡಿ. ವಯಸ್ಸಾದ, ಪೂರ್ತಿ ಆರು ವಾರದ ರೇಡಿಯೇಷನ್ ತಾಳಲಾರದ ಗ್ಲಯೋಬ್ಲಾಸ್ಟೋಮಾ ರೋಗಿಗಳಿಗೆ ಈ ಫಲಿತಾಂಶ ಅತಿ ಮುಖ್ಯ. ಮಾತ್ರೆಯೊಂದೇ ಸಾಕೋ, ಕಡಿಮೆ ದಿನದ ರೇಡಿಯೇಷನ್ ಬೇಕೋ ಎಂಬ ತೀರ್ಮಾನ ಇದರ ಮೇಲೆ ನಿಲ್ಲುತ್ತದೆ. ಚಳ್ಳಕೆರೆ, ಹೊಳಲ್ಕೆರೆಯಿಂದ ದಿನಾ ರೇಡಿಯೇಷನ್‌ಗೆ ಓಡಾಡಬೇಕಾದ ಮನೆಯವರಿಗೆ ಅದು ಸಣ್ಣ ವಿಷಯವಲ್ಲ.

ಎನ್‌ಜಿಎಸ್ ಪ್ಯಾನೆಲ್‌ಗೆ (ಹಲವು ಜೀನ್‌ಗಳನ್ನು ಒಟ್ಟಿಗೆ ಓದುವ ಸೀಕ್ವೆನ್ಸಿಂಗ್) ದುಡ್ಡು ಕೊಡುವ ಮುಂಚೆ ಮೂರು ಪ್ರಶ್ನೆ ಕೇಳಿ. ಟರ್ಟ್ ಪ್ರಮೋಟರ್ ಇದೆಯೇ? ಸಿ228ಟಿ, ಸಿ250ಟಿ ಎಂಬ ಆ ಜಾಗಗಳು ಜಿ, ಸಿ ಅಕ್ಷರ ತುಂಬಿದ ಕಡೆ ಇವೆ, ಅಲ್ಲಿ ಓದು ತೆಳುವಾಗುತ್ತದೆ. ಪ್ಯಾನೆಲ್ ಪಟ್ಟಿಯಲ್ಲಿ "ಟರ್ಟ್" ಎಂದಿದ್ದರೂ ಪ್ರಮೋಟರ್ ಸೇರಿರದಿರಬಹುದು. ಸಿಡಿಕೆಎನ್2ಎ/ಬಿ ಜೀನ್‌ಗಳ ಎರಡೂ ಪ್ರತಿ ನಷ್ಟವಾಗಿವೆಯೇ ಎಂದು ಹೇಳುತ್ತಾರೆಯೇ? ಐಡಿಎಚ್ ಆಸ್ಟ್ರೋಸೈಟೋಮಾವನ್ನು ಅದೊಂದೇ ನಾಲ್ಕನೇ ಗ್ರೇಡಿಗೆ ಏರಿಸುತ್ತದೆ. ಗಡ್ಡೆಯ ಕೋಶ ಎಷ್ಟು ಪರ್ಸೆಂಟ್ ಇದ್ದರೆ ಸ್ಯಾಂಪಲ್ ಸ್ವೀಕರಿಸುತ್ತಾರೆ? ಐಡಿಎಚ್ ಮ್ಯುಟೇಷನ್ ಎರಡು ಪ್ರತಿಗಳಲ್ಲಿ ಒಂದರಲ್ಲಿ ಮಾತ್ರ ಇರುತ್ತದೆ. ಆದ್ದರಿಂದ 30% ಗಡ್ಡೆಯಿದ್ದರೆ ಮ್ಯುಟೇಷನ್ ಕಾಣುವುದು 15%ರಷ್ಟು. ಹಳೆಯ ಸ್ಯಾಂಗರ್ ಸೀಕ್ವೆನ್ಸಿಂಗ್ ಹಿಡಿಯುವ ಅಂಚೇ ಅದು. ಪೆಥಾಲಜಿಸ್ಟ್ ಸ್ಲೈಡ್ ಮೇಲೆ ಗಡ್ಡೆ ದಟ್ಟವಿರುವ ಜಾಗಕ್ಕೆ ಪೆನ್ನಿನಿಂದ ವೃತ್ತ ಹಾಕಿ ಕೊಟ್ಟರೆ ಅಷ್ಟನ್ನೇ ಕೆರೆದು ತೆಗೆಯಬಹುದು, ಈ ಸಮಸ್ಯೆ ಅರ್ಧ ಕಡಿಮೆಯಾಗುತ್ತದೆ.

ಇಡೀ ಜೀನೋಮಿನ ಮಿಥೈಲೇಷನ್ ಅರೇ ಕೊನೆಯ ಆಯ್ಕೆ. ಹೈಡೆಲ್‌ಬರ್ಗ್ ತಂಡ 2018ರಲ್ಲಿ ಪ್ರಕಟಿಸಿದ ಕ್ಲಾಸಿಫೈಯರ್ (ಗಡ್ಡೆ ಯಾವ ಗುಂಪಿನದೆಂದು ಗುರುತಿಸುವ ಕಂಪ್ಯೂಟರ್ ವಿಧಾನ) ಮೇಲೆ ನಡೆಯುವ ಇದು ಅಪರೂಪದ, ಯಾವ ಗುಂಪಿಗೂ ಸೇರದ ಗಡ್ಡೆಗಳಿಗೆ, ಮಕ್ಕಳ ಗಡ್ಡೆಗಳಿಗೆ ತುಂಬಾ ಬೆಲೆಬಾಳುತ್ತದೆ. ಸ್ಕೋರ್ 0.9ಕ್ಕಿಂತ ಕಡಿಮೆ ಬಂದರೆ ಹೆಸರನ್ನು ಹಾಗೆಯೇ ಒಪ್ಪಬಾರದು. ಸಾಮಾನ್ಯ ಗ್ಲಯೋಬ್ಲಾಸ್ಟೋಮಾಗೆ ಬೇಡ.

ಕೆಲವರು ಚಳ್ಳಕೆರೆಯ ಕುದಾಪುರದಲ್ಲೇ ಐಐಎಸ್‌ಸಿ ಕ್ಯಾಂಪಸ್ ಇದೆಯಲ್ಲ, ಅಲ್ಲಿ ಕೊಟ್ಟರಾಗದೇ ಎಂದು ಕೇಳುತ್ತಾರೆ. ಐಐಎಸ್‌ಸಿಯ ಕುಮಾರವೇಲ್ ಸೋಮಸುಂದರಂ ಮತ್ತು ನಿಮ್ಹಾನ್ಸ್‌ನ ವಾಣಿ ಸಂತೋಷ್ ಜೊತೆಗೂಡಿ ಗ್ಲಯೋಮಾದ ಜೀನ್‌ಗಳ ಮೇಲೆ ಮಾಡಿದ ಕೆಲಸ ನಮ್ಮ ರಾಜ್ಯ ಹೆಮ್ಮೆಪಡುವಂಥದ್ದು. ಆದರೆ ಸಂಶೋಧನೆಯ ಲ್ಯಾಬ್ ರೋಗಿಗೆ ರಿಪೋರ್ಟ್ ಕೊಡುವ ಲ್ಯಾಬ್ ಅಲ್ಲ. ಬ್ಲಾಕ್ ಹೋಗಬೇಕಾದ್ದು ಆಸ್ಪತ್ರೆಯ ನ್ಯೂರೋಪೆಥಾಲಜಿ ವಿಭಾಗಕ್ಕೆ ಅಥವಾ ಮಾನ್ಯತೆ ಪಡೆದ ಡಯಾಗ್ನೋಸ್ಟಿಕ್ ಲ್ಯಾಬ್‌ಗೆ.

ಕಳಿಸುವ ದಿನ ಇಲ್ಲಿನ ಪೆಥಾಲಜಿಯವರಿಗೆ ಒಂದೇ ಸಲ ಹೇಳಿ ಕೋಟೆಡ್ ಸ್ಲೈಡ್ ಮೇಲೆ 4 ಮೈಕ್ರಾನ್‌ನ ಹತ್ತು ಬಣ್ಣ ಹಾಕದ ಸೆಕ್ಷನ್ ತೆಗೆಸಿ ಇಟ್ಟುಕೊಳ್ಳಿ. ಪ್ರತಿ ಸಲ ಬ್ಲಾಕನ್ನು ಮೈಕ್ರೋಟೋಮ್‌ಗೆ ಹೊಸದಾಗಿ ಕೂರಿಸಿದಾಗ ಮಟ್ಟ ಮಾಡಲೆಂದೇ ಒಂದಿಷ್ಟು ಗಡ್ಡೆ ಸವೆದು ಹೋಗುತ್ತದೆ. ಸೂಜಿ ಬಯಾಪ್ಸಿಯ ಎಳೆಯಾದರೆ ಎರಡು ಮೂರು ಸಲಕ್ಕೇ ಖಾಲಿ. ಒಂದಕ್ಕಿಂತ ಹೆಚ್ಚು ಬ್ಲಾಕ್ ಇದ್ದರೆ ಎಲ್ಲವನ್ನೂ ಕಳಿಸದೆ ಒಂದನ್ನು ಇಲ್ಲೇ ಉಳಿಸಿ. ಕಳಿಸಿದ ಬ್ಲಾಕ್ ವಾಪಸ್ ಬರಬೇಕು ಎಂದು ಫಾರಂ ಮೇಲೆ ಬರೆಸಿ, ಬ್ಲಾಕ್ ನಂಬರ್ ಇರುವ ರಸೀದಿ ತೆಗೆದುಕೊಳ್ಳಿ. ಎರಡು ವರ್ಷದ ಮೇಲೆ ಗಡ್ಡೆ ಮರಳಿದರೆ ಹೊಸ ಟೆಸ್ಟಿಗೆ ಬೇಕಾಗುವುದು ಅದೇ ಬ್ಲಾಕ್.