ಟಿಳಕವಾಡಿಯ ಮನೋವೈದ್ಯರು ಮತ್ತು ನನ್ನ ಅಳಿಯನ ಅಣಬೆ

ಐದರಲ್ಲಿ ನಾಲ್ಕು ನಕ್ಷತ್ರ. ಹಿಡಿದಿಟ್ಟುಕೊಂಡ ಒಂದು ನಕ್ಷತ್ರ ವೈದ್ಯರ ಲೆಕ್ಕದ್ದಲ್ಲ, ಹೊರಗಿನ ವ್ಯವಸ್ಥೆಯದು. ಬೆಳಗಾವಿಯ ಟಿಳಕವಾಡಿಯಲ್ಲಿ ಎರಡನೇ ರೈಲ್ವೆ ಗೇಟಿನ ಹತ್ತಿರ ಮೊದಲ ಮಹಡಿಯಲ್ಲಿ ಚಿಕಿತ್ಸಾಲಯ, ಕೆಳಗೆ ಕನ್ನಡಕದ ಅಂಗಡಿ. ಲಿಫ್ಟ್ ಇಲ್ಲ. ಕುರ್ಚಿಗಿಂತ ಜನ ಹೆಚ್ಚು. ಗೇಟು ಹಾಕಿದಾಗ ಕೆಳಗಿನ ಹಾರ್ನ್ ಸದ್ದಿಗೆ ಚೆನ್ನಾಗಿರುವವರ ತಲೆಯೂ ಕೆಡುತ್ತದೆ. ಮನಸ್ಸಿನ ಕಾಯಿಲೆಯವರನ್ನು ಇಂಥ ಜಾಗದಲ್ಲಿ ಕೂರಿಸುವುದು ಯಾವ ನ್ಯಾಯ?

ಹೋದದ್ದು ಅಕ್ಕನ ಮಗನಿಗಾಗಿ. ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಗೆಳೆಯರ ಜೊತೆ ಕೊಡೈಕೆನಾಲ್‌ಗೆ ಹೋಗಿ ಒಣಗಿಸಿದ ನಶೆಯ ಅಣಬೆ ತಿಂದು ಬಂದಿದ್ದ. ರಜೆಯಲ್ಲಿ ಉದ್ಯಮಬಾಗದ ನಮ್ಮ ಫೌಂಡ್ರಿಗೆ ಬರುವುದು ಅವನ ರೂಢಿ. ಈ ಸಲ ಎರಕಕ್ಕೆ ಮರಳಿನ ಅಚ್ಚು ಮಾಡುವ ಮೋಲ್ಡಿಂಗ್ ಪೆಟ್ಟಿಗೆಯ ಮುಂದೆ ಕುಳಿತವನು ಎದ್ದು ನಿಂತು, "ಮಾಮಾ, ಮರಳು ಹರಿಯುತ್ತಿದೆ" ಎಂದ. ಕುಟ್ಟಿ ಗಟ್ಟಿ ಮಾಡಿದ ಕಪ್ಪು ಮರಳು ಅದು, ಎಲ್ಲಿಗೆ ಹರಿಯಬೇಕು? ಕೆದಕಿ ಕೇಳಿದಾಗ ಒಂದೊಂದಾಗಿ ಹೊರಬಿತ್ತು. ಕೈ ಬೀಸಿದರೆ ಅದರ ಹಿಂದೆ ಇನ್ನೂ ಮೂರ್ನಾಲ್ಕು ಕೈಗಳ ನೆರಳು ಸಾಲಾಗಿ ಕಾಣುತ್ತದೆ. ಟ್ಯೂಬ್‌ಲೈಟಿನ ಸುತ್ತ ಬಣ್ಣದ ಬಳೆ. ಬಿಳಿ ಗೋಡೆಯ ಮೇಲೆ ಸಣ್ಣ ಚುಕ್ಕೆಗಳ ಗಿಜಿಗಿಜಿ. ಅಣಬೆ ತಿಂದು ಅಷ್ಟೊತ್ತಿಗೆ ತಿಂಗಳುಗಳೇ ಕಳೆದಿದ್ದವು.

ಮೊದಲು ಒಂದು ದೊಡ್ಡ ಆಸ್ಪತ್ರೆಗೆ ಕರೆದೊಯ್ದೆವು. ಹೆಸರು ಬೇಡ. ತಲೆಯ ಸ್ಕ್ಯಾನ್ ಆಯಿತು, ಮೂತ್ರ ಪರೀಕ್ಷೆ ಆಯಿತು. ಮಾದಕ ವಸ್ತು ಏನೂ ಇಲ್ಲ ಎಂದು ವರದಿ ಬಂತು. ಹುಡುಗ ಓದಿನ ಕಳ್ಳ, ನೆಪ ಹೂಡುತ್ತಿದ್ದಾನೆ ಎಂಬ ತೀರ್ಮಾನವೂ ಬಂತು. ಬಿಲ್ಲು ಮಾತ್ರ ಒಂದು ಪೈಸೆಯಷ್ಟೂ ನೆಪವಾಗಿರಲಿಲ್ಲ.

ಟಿಳಕವಾಡಿಯ ವೈದ್ಯರು ಆ ವರದಿಯನ್ನು ಓದಿ ಪಕ್ಕಕ್ಕಿಟ್ಟರು. ಸಾಮಾನ್ಯ ಮೂತ್ರ ಪರೀಕ್ಷೆ ಗಾಂಜಾ, ಅಫೀಮಿನಂಥವನ್ನು ಹಿಡಿಯುತ್ತದೆಯೇ ಹೊರತು ಈ ಅಣಬೆಯ ಅಂಶವನ್ನಲ್ಲ. ಅದಕ್ಕೆಂದೇ ಪರೀಕ್ಷೆ ಮಾಡಿದರೂ ಒಂದು ದಿನ ಕಳೆದ ಮೇಲೆ ಸಿಗುವುದು ಕಷ್ಟ ಎಂದರು. ಹುಡುಗನನ್ನು ಒಬ್ಬನೇ ಒಳಗೆ ಕೂರಿಸಿಕೊಂಡು ಬಹಳ ಹೊತ್ತು ಮಾತನಾಡಿದರು. ಆಮೇಲೆ ಅವನ ಒಪ್ಪಿಗೆ ಕೇಳಿಯೇ ನಮ್ಮನ್ನು ಕರೆದರು. ದುಡ್ಡು ಕೊಡುವವರು ನಾವು, ಒಪ್ಪಿಗೆ ಅವನದೇ ಎಂದು ಒಳಗೊಳಗೇ ಸಿಟ್ಟು ಬಂತು. ಆದರೆ ಅಮ್ಮನ ಮುಂದೆ ಹೇಳದ್ದನ್ನೆಲ್ಲ ಹುಡುಗ ಅಲ್ಲಿ ಹೇಳಿದ್ದ, ಯಾವಾಗಲೋ ಒಮ್ಮೆ ಗಾಂಜಾ ಸೇದುವುದನ್ನೂ ಸೇರಿಸಿ.

ವೈದ್ಯರು ವಿವರಿಸಿದ್ದು ಇಷ್ಟು. ಅಣಬೆಯಲ್ಲಿರುವ ಸೈಲೋಸಿಬಿನ್ ದೇಹದೊಳಗೆ ಸೈಲೋಸಿನ್ ಆಗಿ ಮಾರ್ಪಟ್ಟು ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಕೂರುವ ಜಾಗದಲ್ಲಿ ಹೋಗಿ ಕೂರುತ್ತದೆ. ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಏರಿ, ನಾಲ್ಕರಿಂದ ಆರು ಗಂಟೆ ಇರುತ್ತದೆ. ಕಣ್ಣಿನ ಪಾಪೆ ಅಗಲವಾಗುತ್ತದೆ, ಎದೆಬಡಿತವೂ ರಕ್ತದೊತ್ತಡವೂ ಏರುತ್ತವೆ, ವಾಕರಿಕೆ ಬರುತ್ತದೆ, ಐದು ನಿಮಿಷ ಒಂದು ಹಗಲಿನಷ್ಟು ಉದ್ದವಾಗುತ್ತದೆ. ಕೆಲವರಿಗೆ ಹಿಗ್ಗು, ಕೆಲವರಿಗೆ ಪ್ರಾಣಭಯ; ಒಬ್ಬನಿಗೇ ಒಂದೇ ರಾತ್ರಿ ಎರಡೂ ಆಗಬಹುದು. ಮದ್ಯದ ಹಾಗೆ ಚಟ ಹಿಡಿಯುವುದು ವಿರಳ. ಅಣಬೆಯ ಅಂಶದಿಂದಲೇ ಸಾಯುವುದೂ ವಿರಳ. ಆ ಸ್ಥಿತಿಯಲ್ಲಿ ಮಹಡಿಯ ಅಂಚಿಗೋ ರಸ್ತೆಗೋ ಹೋಗುವುದರಲ್ಲಿ ಹೆಚ್ಚಿನ ಅಪಾಯವಿದೆ. ಇನ್ನೊಂದು ಅಪಾಯ, ಅದೆಂದುಕೊಂಡು ವಿಷದ ಅಣಬೆ ತಿನ್ನುವುದು. ಅಮಾಟಾಕ್ಸಿನ್ ಎಂಬ ವಿಷ ಇರುವ ಅಣಬೆ ತಿಂದರೆ ಆರು ಗಂಟೆಯಾದರೂ ಏನೂ ಗೊತ್ತಾಗದೆ, ಆಮೇಲೆ ವಾಂತಿಭೇದಿ ಶುರುವಾಗಿ ಯಕೃತ್ತನ್ನೇ ಹಾಳು ಮಾಡುತ್ತದೆ. (ಮಳೆಗಾಲದಲ್ಲಿ ಖಾನಾಪುರದ ರಸ್ತೆ ಬದಿ ಮಾರುವ ಹುತ್ತದ ಅಣಬೆಗೂ ಈ ಕಥೆಗೂ ಸಂಬಂಧವಿಲ್ಲ. ಅದರ ಸಾರನ್ನು ನಾನು ಬಿಡುವವನಲ್ಲ.)

ಹುಡುಗನಿಗೆ ಆಗಿರುವುದಕ್ಕೂ ಒಂದು ಹೆಸರಿದೆ. ಚಿಕ್ಕದಾಗಿ ಎಚ್‌ಪಿಪಿಡಿ ಎನ್ನುತ್ತಾರೆ. ನಶೆ ಇಳಿದ ಮೇಲೂ ಕಣ್ಣಿಗೆ ಆಟಗಳು ಉಳಿದುಬಿಡುವ ಸ್ಥಿತಿ. ತಿಂದವರೆಲ್ಲರಿಗೂ ಬರುವುದಿಲ್ಲ. ಬಂದವರಲ್ಲಿ ಕೆಲವರಿಗೆ ತಿಂಗಳುಗಳಲ್ಲಿ ಹೋಗುತ್ತದೆ, ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ. ಕಾಣುವುದು ನಿಜವಲ್ಲ ಎಂಬ ಅರಿವು ಅವನಿಗಿದೆ. ಈಗ ಅದೇ ದೊಡ್ಡ ಆಧಾರ ಎಂದರು. ನೆಪ ಎನಿಸಿಕೊಂಡಿದ್ದ ಹುಡುಗನ ಮುಖ ಆ ಹೆಸರು ಕೇಳಿ ಸಡಿಲವಾಯಿತು.

ಆಮೇಲೆ ಬಂದ ಪ್ರಶ್ನೆಗಾಗಿಯೇ ನಾನು ಈ ವೈದ್ಯರಿಗೆ ನಾಲ್ಕು ನಕ್ಷತ್ರ ಕೊಡುತ್ತಿದ್ದೇನೆ. "ತಾಯಿ, ನಿಮ್ಮ ಮನೆತನದಲ್ಲಿ ಯಾರಿಗಾದರೂ ಮನಸ್ಸಿನ ಕಾಯಿಲೆ ಇತ್ತೇ?" ನಾನು ಛಾವಣಿ ನೋಡಿದೆ. ಸಂಬಂಧ ಕುದುರಿಸುವಾಗ ಮುಚ್ಚಿಟ್ಟು ರೂಢಿಯಾದ ಮಾತು ಅದು. ಅಕ್ಕ ಸೆರಗು ಸರಿಮಾಡಿಕೊಂಡು, "ನಮ್ಮ ಚಿಕ್ಕಪ್ಪನಿಗೆ ಇತ್ತು. ಯಾರೋ ಕರೆಯುತ್ತಾರೆ ಎಂದು ನಡುರಾತ್ರಿ ಎದ್ದು ಹೊಲಕ್ಕೆ ಹೋಗುತ್ತಿದ್ದ. ಕೊನೆಗೆ ಧಾರವಾಡದ ಆಸ್ಪತ್ರೆಯಲ್ಲಿ ಇಟ್ಟಿದ್ದರು" ಎಂದಳು. ಬೈಲಹೊಂಗಲದ ನಮ್ಮ ಮನೆಯಲ್ಲಿ ಆ ಮಾತನ್ನು ಯಾರೂ ಹಾಗೆ ನೇರವಾಗಿ ಆಡಿದ್ದು ನನಗೆ ನೆನಪಿಲ್ಲ. ವೈದ್ಯರು ಬರೆದುಕೊಂಡು, ಹುಡುಗನ ಕಡೆ ತಿರುಗಿ, "ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಕಾಯಿಲೆ ರಕ್ತಸಂಬಂಧದಲ್ಲಿ ಇದ್ದರೆ ಈ ಅಣಬೆ ಅದನ್ನು ಎಬ್ಬಿಸಬಹುದು. ಎಬ್ಬಿಸೇ ಎಬ್ಬಿಸುತ್ತದೆ ಎಂದಲ್ಲ. ಆದರೆ ನೀನು ಇನ್ನೊಮ್ಮೆ ಪರೀಕ್ಷಿಸಿ ನೋಡುವವರ ಸಾಲಿನಲ್ಲಿಲ್ಲ" ಎಂದರು.

ಹುಡುಗ ಸುಮ್ಮನಾಗಲಿಲ್ಲ. ಖಿನ್ನತೆಗೆ ಇದೇ ಔಷಧ ಎಂದು ಅಮೆರಿಕದಲ್ಲಿ ಸಾಬೀತಾಗಿದೆಯಲ್ಲ, ಆಸ್ಟ್ರೇಲಿಯಾದಲ್ಲಿ ವೈದ್ಯರೇ ಕೊಡುತ್ತಾರಲ್ಲ ಎಂದು ವಾದಕ್ಕಿಳಿದ. ವೈದ್ಯರು ಗದರಿಸಲಿಲ್ಲ. ಆಸ್ಟ್ರೇಲಿಯಾದ ಮಾತು ನಿಜ, 2023ರ ಜುಲೈಯಿಂದ ಅನುಮತಿ ಪಡೆದ ಮನೋವೈದ್ಯರು ಬೇರೆ ಔಷಧಕ್ಕೆ ಬಗ್ಗದ ಖಿನ್ನತೆಗೆ ಕೊಡಬಹುದು ಎಂದರು. 2022ರಲ್ಲಿ 233 ಜನರ ಮೇಲಿನ ಪ್ರಯೋಗದ ಫಲಿತಾಂಶ ಬಂತು. ಒಮ್ಮೆ 25 ಮಿಲಿಗ್ರಾಂ ಪಡೆದವರಲ್ಲಿ ಮೂರು ವಾರಕ್ಕೆ ಖಿನ್ನತೆ ತಗ್ಗಿದ್ದು ನಿಜ. ಆದರೆ ಅದು ಪ್ರಯೋಗಾಲಯದಲ್ಲಿ ತಯಾರಿಸಿ ತೂಗಿದ ಔಷಧ, ನುಂಗುವಾಗ ಪಕ್ಕದಲ್ಲಿ ತರಬೇತಾದವರು ಇರುತ್ತಾರೆ. ಮನೆತನದಲ್ಲಿ ಸ್ಕಿಜೋಫ್ರೇನಿಯಾ, ಬೈಪೋಲಾರ್‌ನಂಥ ಕಾಯಿಲೆ ಇರುವವರನ್ನು ಇಂಥ ಪ್ರಯೋಗಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದೇ ಇಲ್ಲ. ಕೊಡೈಕೆನಾಲ್‌ನ ಪೊಟ್ಟಣದಲ್ಲಿ ಎಷ್ಟಿತ್ತೆಂದು ಮಾರಿದವನಿಗೂ ಗೊತ್ತಿರಲಿಲ್ಲ. ಯಾವ ಗುಜರಿಯಲ್ಲಿ ಎಷ್ಟು ಗಂಧಕವಿದೆ ಎಂದು ನೋಡದೆ ಕುಲುಮೆಗೆ ಸುರಿದು ಎರಕ ಹೊಯ್ದ ಹಾಗೆ ಎಂದು ನಾನು ಬಾಯಿ ಹಾಕಿದೆ. ಇದೊಂದು ಮಾತಿಗೆ ಹುಡುಗ ತಲೆಯಾಡಿಸಿದ. ಸೈಲೋಸಿಬಿನ್ 1985ರ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿದೆ ಎಂಬುದನ್ನೂ ವೈದ್ಯರು ಸೇರಿಸಿದರು.

ಮೊದಲ ಭೇಟಿಯಲ್ಲಿ ಮಾತ್ರೆ ಬರೆಯಲಿಲ್ಲ. ಗಾಂಜಾ ಪೂರ್ತಿ ಬಂದ್, ನಿದ್ದೆ ಕೆಡಬಾರದು, ರಾತ್ರಿ ಬೈಕ್ ಬೇಡ, ಗೋಡೆ ನೋಡಿ ನೋಡಿ ಪರೀಕ್ಷಿಸುವುದು ಬೇಡ. ಧ್ವನಿ ಕೇಳಿಸಿದರೆ, ಯಾರೋ ಹಿಂಬಾಲಿಸುತ್ತಿದ್ದಾರೆ ಎನಿಸಿದರೆ ಆ ದಿನವೇ ಬರಬೇಕು. ಮಾತ್ರೆಯಿಲ್ಲದ ಚೀಟಿಗೆ 700 ರೂಪಾಯಿಯೇ ಎಂದು ಅಕ್ಕ ಮೆಟ್ಟಿಲಿಳಿಯುವಾಗ ಗೊಣಗಿದಳು. ನನಗೆ ಹಾಗನಿಸಲಿಲ್ಲ. ಈಗ ಬಳೆಗಳು ಕಡಿಮೆಯಾಗಿವೆ, ಚುಕ್ಕೆಗಳು ಇನ್ನೂ ಇವೆ. ಮರಳಿನ ಕೆಲಸ ಬಿಡಿಸಿ ಲೆಕ್ಕಪತ್ರಕ್ಕೆ ಕೂರಿಸಿದ್ದೇನೆ.

ಹೋಗುವವರಿಗೆ: ಬೆಳಿಗ್ಗೆಯೇ ಫೋನ್ ಮಾಡಿ ಹೆಸರು ಬರೆಸಿ, ಆದರೂ ಸಂಜೆ ಕಾಯಲೇಬೇಕು. ಶುಲ್ಕ ನಗದು ಮಾತ್ರ, ರಸೀದಿಯನ್ನು ಎರಡು ಸಲ ಕೇಳಿದ ಮೇಲೆ ಕೊಡುತ್ತಾರೆ. ಕಾರನ್ನು ದೂರದಲ್ಲೇ ಬಿಟ್ಟು ನಡೆಯಿರಿ. ರಾತ್ರಿ ಹೊತ್ತು ಇಲ್ಲಿ ಯಾರೂ ಫೋನ್ ಎತ್ತುವುದಿಲ್ಲ. ಆಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416, ಕನ್ನಡದಲ್ಲೇ ಮಾತನಾಡಬಹುದು, ದುಡ್ಡಿಲ್ಲ.