ದಾಳ, ಎಲೆ, ಗೊಂಬೆ: ಕಥೆಗಾರನ ಮೇಜಿನ ಮೇಲೆ ಮೂರು ಆಟಗಳು

ಕಥೆ ಬರೆಯುವ ಅಭ್ಯಾಸಕ್ಕೆ ಮೇಜಿನ ಮೇಲಿನ ಆಟಗಳು ಎಷ್ಟರಮಟ್ಟಿಗೆ ಒದಗುತ್ತವೆ ಎಂಬುದನ್ನು ನೋಡಲು ‘ಐರನ್‌ಸ್ವೋರ್ನ್’ (2018), ‘ದಿ ಕ್ವಯಟ್ ಇಯರ್’ (2013) ಮತ್ತು ‘ಫ್ರಾಸ್ಟ್‌ಗ್ರೇವ್’ (2015) ಎಂಬ ಮೂರನ್ನು ಕೆಲವು ತಿಂಗಳು ಆಡಿ, ಪ್ರತಿ ಆಟದ ನಂತರ ಒಂದಿಷ್ಟು ಬರೆದಿಟ್ಟುಕೊಂಡೆ. ಹೆಚ್ಚು ಪುಟ ತುಂಬಿಸಿದ್ದು ಮೊದಲನೆಯದು. ಆದರೆ ನನ್ನ ಬರವಣಿಗೆಯನ್ನು ತಿದ್ದಿದ್ದು ಮೂರನೆಯದು.

ಐರನ್‌ಸ್ವೋರ್ನ್ ಒಂದು ಪಾತ್ರವಾಗಿ ಕಥೆಯನ್ನು ಮುನ್ನಡೆಸುವ ಆಟ, ಒಬ್ಬನೇ ಕೂತೂ ಆಡಬಹುದು. ಆರು ಮುಖದ ದಾಳಕ್ಕೆ ಪಾತ್ರದ ಸಾಮರ್ಥ್ಯದ ಅಂಕವನ್ನು ಕೂಡಿಸಿ, ಹತ್ತು ಮುಖದ ಎರಡು ದಾಳಗಳ ಎದುರು ಇಡಬೇಕು. ಎರಡನ್ನೂ ಮೀರಿದರೆ ಪೂರ್ಣ ಗೆಲುವು, ಒಂದನ್ನಷ್ಟೇ ಮೀರಿದರೆ ಅರೆಗೆಲುವು, ಯಾವುದನ್ನೂ ಮೀರದಿದ್ದರೆ ಸೋಲು. ನನ್ನ ನಾಯಕಿ ಹೊಳೆ ದಾಟುವಾಗ 4ಕ್ಕೆ 2 ಕೂಡಿ 6 ಆಯಿತು, ಎದುರಿಗೆ 3 ಮತ್ತು 8 ಬಿದ್ದವು: ಆಕೆ ದಡ ಸೇರಿದಳು, ಬುತ್ತಿಯ ಗಂಟು ನೀರುಪಾಲಾಯಿತು. ನಾನೇ ಬರೆದಿದ್ದರೆ ಮಮತೆಯಿಂದ ಗಂಟನ್ನೂ ದಡಕ್ಕೆ ತರುತ್ತಿದ್ದೆ. ದೋಷವಿರುವುದು ‘ಒರಾಕಲ್’ ಕೋಷ್ಟಕಗಳನ್ನು, ಅಂದರೆ ದಾಳ ಹಾಕಿ ಕಥೆಗೆ ಸುಳಿವಿನ ಪದ ಆಯುವ ಪಟ್ಟಿಗಳನ್ನು, ಬಳಸುವ ನನ್ನ ರೀತಿಯಲ್ಲಿ: ಅಲ್ಲಿಂದ ಎರಡು ಪದ ಬಂದೊಡನೆ, ಮನಸ್ಸಿನಲ್ಲಿ ಮೊದಲೇ ಇದ್ದುದನ್ನು ಅವುಗಳ ಬಾಯಲ್ಲಿ ಹೇಳಿಸುವ ಚಾಳಿ ಬೇಗ ಹತ್ತಿತು, ‘ಅದು ಹಾಗಲ್ಲ’ ಎನ್ನಲು ಎದುರಿಗೆ ಯಾರೂ ಇರಲಿಲ್ಲ.

ಆ ಕೊರತೆ ಕ್ವಯಟ್ ಇಯರ್‌ನಲ್ಲಿ ಇಲ್ಲ. ಇಸ್ಪೀಟಿನ 52 ಎಲೆಗಳು ವರ್ಷದ 52 ವಾರಗಳಾಗಿ, ಎಲ್ಲರೂ ಒಂದೇ ನಕ್ಷೆಯ ಮೇಲೆ ಊರೊಂದನ್ನು ಬರೆಯುತ್ತಾ ಹೋಗುತ್ತಾರೆ. ಚಳಿಗಾಲದಲ್ಲಿ ಇಸ್ಪೇಟ್ ರಾಜ ಬಂದ ಕ್ಷಣವೇ ಆಟ ಮುಗಿಯುತ್ತದೆ. ನಮ್ಮ ಸೇತುವೆಗೆ ಇನ್ನೂ 2 ವಾರದ ಕೆಲಸವಿದ್ದಾಗ ಅದು ಬಂದಿತು. ಊರು ಚೆನ್ನಾಗಿ ಮೂಡಿತು, ಆದರೆ ಯಾರಿಗೂ ಸ್ವಂತ ಪಾತ್ರವಿಲ್ಲದ್ದರಿಂದ ನನಗೆ ದಕ್ಕಿದ್ದು ಹಿನ್ನೆಲೆ ಮಾತ್ರ.

ಫ್ರಾಸ್ಟ್‌ಗ್ರೇವ್ ಹಿಮಗಟ್ಟಿದ ಪಾಳು ನಗರದಲ್ಲಿ ನಿಧಿಗಾಗಿ ನಡೆಯುವ ಕಾದಾಟ. ಪ್ರತಿ ಆಟಗಾರನ ಕಡೆ ಮಾಂತ್ರಿಕ, ಶಿಷ್ಯ ಮತ್ತು 8 ಜನರವರೆಗೆ ಬಾಡಿಗೆ ಬಂಟರು, ಎಲ್ಲರೂ ಮೇಜಿನ ಮೇಲೆ ನಡೆಸುವ ಪುಟ್ಟ ಗೊಂಬೆಗಳು. ಪಾತ್ರಗಳು ಏನು ಯೋಚಿಸುತ್ತವೆ ಎಂಬುದಕ್ಕೆ ದಾಳವೇನೂ ಇಲ್ಲ. 28 ಮಿ.ಮೀ. ಅಳತೆಯ ಗೊಂಬೆಯಲ್ಲಿ ಕಣ್ಣೆಂದರೆ ಕುಂಚದ ತುದಿಯ ಒಂದು ಚುಕ್ಕೆ. ನನ್ನ ಬಂಟರಲ್ಲೊಬ್ಬಳಾದ ಕಳ್ಳಿಯ ಗೊಂಬೆಗೆ ಬಣ್ಣ ಹಚ್ಚುವಾಗ ಕೈ ಜಾರಿ ಎಡಗಣ್ಣು ಪೂರಾ ಬಿಳಿಯಾಯಿತು, ಅವಳನ್ನು ಒಕ್ಕಣ್ಣಿಯೆಂದೇ ಇಟ್ಟುಕೊಂಡೆ. ಮೂರನೆಯ ಆಟದಲ್ಲಿ ನಿಧಿ ಹೊತ್ತಿದ್ದರಿಂದ ಅವಳ ನಡಿಗೆ ಅರ್ಧಕ್ಕಿಳಿದಿತ್ತು. ಯಾರಿಗೆ ಯಾರು ಕಾಣುತ್ತಾರೆಂದು ತೀರ್ಮಾನಿಸಲು ಇಲ್ಲಿ ಗೊಂಬೆಯ ಕಣ್ಣಿನ ಮಟ್ಟಕ್ಕೆ ಬಗ್ಗಿ ನೋಡಬೇಕು. ಗಲ್ಲವನ್ನು ಮೇಜಿಗೆ ತಾಗಿಸಿ ನೋಡಿದಾಗ ಅವಳ ಮುಂದೆ ಬರಿಯ ಗೋಡೆ. ಎದುರಾಳಿಯ ಬಿಲ್ಲುಗಾರನ ಹಿಂದೆ ನಿಂತು ನೋಡಿದರೆ, ಆ ಗೋಡೆಯ ಮೇಲೆ ಅವಳ ತಲೆ. ನನ್ನ ಹಳೆಯ ಕಥೆಗಳಲ್ಲೆಲ್ಲ ಗೋಡೆಯಾಚೆ ಏನಿದೆ ಎಂಬುದನ್ನು ಆಕಾಶದಲ್ಲಿ ನಿಂತವನಂತೆ ಮೊದಲೇ ಹೇಳಿಬಿಡುತ್ತಿದ್ದೆನೆಂಬುದು ಆಗ ಹೊಳೆಯಿತು. ಬಾಣ ತಗುಲಿ ಅವಳು ಬಿದ್ದಳು. ಹೀಗೆ ಬಿದ್ದ ಬಂಟರಿಗೆ ಆಟದ ನಂತರ ಇಪ್ಪತ್ತು ಮುಖದ ದಾಳದಲ್ಲಿ 4 ಅಥವಾ ಕಡಿಮೆ ಬಂದರೆ ಸಾವು. ಅವಳಿಗೆ 3 ಬಂದಿತು. ಆ ರಾತ್ರಿ ಅವಳ ಕಣ್ಣಿಗೆ ಕಂಡಷ್ಟನ್ನೇ ಬರೆದೆ. ಒಂದೂವರೆ ಪುಟವಾಯಿತು, ಹೊಡೆದುಹಾಕುವ ಸಾಲು ಸಿಗಲಿಲ್ಲ.

ಹತ್ತು ಗೊಂಬೆಗಳಿಗೆ ಬಣ್ಣ ಹಚ್ಚಲು ನನಗೆ ಒಂದೂವರೆ ತಿಂಗಳು ಹಿಡಿಯಿತು. ಅಷ್ಟು ವ್ಯವಧಾನವಿಲ್ಲದವರು ಐರನ್‌ಸ್ವೋರ್ನ್ ಹಿಡಿಯುವುದೇ ಲೇಸು, ಅದರ ನಿಯಮಪುಸ್ತಕದ ಪಿಡಿಎಫ್ ಉಚಿತವಾಗಿ ಸಿಗುತ್ತದೆ. ಸತ್ತ ಬಂಟನ ಗೊಂಬೆಯನ್ನು ಬೇರೆ ಹೆಸರಿಟ್ಟು ಮತ್ತೆ ಕಣಕ್ಕಿಳಿಸಲು ಫ್ರಾಸ್ಟ್‌ಗ್ರೇವ್‌ನ ನಿಯಮಗಳ ಅಡ್ಡಿಯಿಲ್ಲ. ನನ್ನ ಎದುರಾಳಿ ಗೆಳೆಯ ಹಾಗೆಯೇ ಮಾಡುತ್ತಾನೆ, ಒಕ್ಕಣ್ಣಿಯ ವಿಷಯದಲ್ಲಿ ನನಗೆ ಮಾತ್ರ ಕೈ ಬರುತ್ತಿಲ್ಲ.