ಸ್ವಯಂಭೂ ಬೆಟ್ಟಕ್ಕೆ ಮೆಟ್ಟಿಲಾ, ಟ್ಯಾಕ್ಸಿನಾ, ಪ್ಯಾಕೇಜ್ ಬಸ್ಸಾ?

ಮೊದಲೇ ಹೇಳಿಬಿಡುತ್ತೇನೆ. ಮಂಡಿ ಗಟ್ಟಿಯಿದ್ದರೆ ಸ್ವಯಂಭೂನಾಥಕ್ಕೆ ಪೂರ್ವದ ಮೆಟ್ಟಿಲು ಹತ್ತಿಯೇ ಹೋಗಿ. ಕಠ್ಮಂಡುವಿನ ಆ ಬೌದ್ಧ ಸ್ತೂಪದ ಬೆಟ್ಟಕ್ಕೆ ನಾನು ಬೆಂಗಳೂರಿನ ಪ್ಯಾಕೇಜ್ ಟೂರಿನ ಬಸ್ಸಲ್ಲೂ ಹೋಗಿದ್ದೇನೆ, ಅಮ್ಮನ ಜೊತೆ ಟ್ಯಾಕ್ಸಿಯಲ್ಲೂ ಹೋಗಿದ್ದೇನೆ, ಪ್ರವಾಸಿಗರು ಉಳಿದುಕೊಳ್ಳುವ ಥಮೇಲ್‌ನಿಂದ ನಡೆದುಕೊಂಡೂ ಹೋಗಿದ್ದೇನೆ. ಮೂರರಲ್ಲಿ ಮನಸ್ಸು ತುಂಬಿದ್ದು ನಡೆದು ಹೋದಾಗ ಮಾತ್ರ.

ಈಗ ನಮ್ಮ ಕಡೆಯಿಂದ ಪಶುಪತಿನಾಥ, ಮುಕ್ತಿನಾಥ ಅಂತ ಹೊರಡುವವರು ಜಾಸ್ತಿ. ಪಶುಪತಿಯಲ್ಲಿ ಪೂಜೆ ಮಾಡುವ ಭಟ್ಟರೇ ಕರ್ನಾಟಕ ಮೂಲದವರು, ಹಾಗಾಗಿ ನಮ್ಮವರಿಗೆ ಆ ದೇವಸ್ಥಾನ ಅಂದರೆ ಒಂದು ಸಲಿಗೆ. ಸ್ವಯಂಭೂ ಮಾತ್ರ ಪಟ್ಟಿಯ ಕೊನೆಗೆ ಬೀಳುತ್ತದೆ. "ಟೈಮ್ ಇದ್ರೆ ನೋಡೋಣ, ಕೋತಿ ಜಾಸ್ತಿಯಂತೆ" ಅಂತ ಒಂದು ಮಾತಲ್ಲಿ ಮುಗಿಸಿಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ, ಅದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ಪ್ಯಾಕೇಜ್ ಬಸ್ಸಿನ ವಿಷಯ ಬೇಗ ಮುಗಿಸುತ್ತೇನೆ. ಒಂದೇ ದಿನದಲ್ಲಿ ಪಶುಪತಿನಾಥ, ಬೌದ್ಧನಾಥ ಸ್ತೂಪ, ಬುಢಾನೀಲಕಂಠ, ಪಾಟನ್, ಎಲ್ಲ ಆದಮೇಲೆ ಸ್ವಯಂಭೂ. ನಮಗೆ ಕೊಟ್ಟದ್ದು ಮುಕ್ಕಾಲು ಗಂಟೆ. ಅದರಲ್ಲಿ ಅರ್ಧ, ಗುಂಪಿನಲ್ಲಿ ಯಾರು ಬಂದರು ಯಾರು ಬಂದಿಲ್ಲ ಅಂತ ಎಣಿಸೋದರಲ್ಲೇ ಹೋಯಿತು. ಊಟ ಮಾತ್ರ ಚೆನ್ನಾಗಿತ್ತು, ಅಡುಗೆಯವರನ್ನೇ ಕರೆದುಕೊಂಡು ಬಂದಿದ್ದರು, ದಿನಾ ಅನ್ನ ಸಾರು. ಸಾರು ಬೇಕೇ ಬೇಕು, ಸುತ್ತಮುತ್ತ ಕನ್ನಡ ಕೇಳುತ್ತಿರಬೇಕು ಅನ್ನುವವರಿಗೆ ಇದೇ ಸರಿ. ಬೆಟ್ಟ ನೋಡಬೇಕು ಅನ್ನುವವರಿಗೆ ಅಲ್ಲ.

ಟ್ಯಾಕ್ಸಿ ಕತೆ ಸ್ವಲ್ಪ ಉದ್ದ. ಕಾರು ಹೋಗುವ ರಸ್ತೆ ಬೆಟ್ಟದ ಹಿಂಬದಿಯಿಂದ, ಅಂದರೆ ಪಶ್ಚಿಮದ ಕಡೆಯಿಂದ ಬರುತ್ತದೆ. ಏರಿನ ಬಹುಪಾಲು ಕಾರೇ ಹತ್ತಿಬಿಡುತ್ತದೆ, ಆಮೇಲೂ ಒಂದಷ್ಟು ಮೆಟ್ಟಿಲು ಇದ್ದೇ ಇವೆ. "ಕಾರು ಸ್ತೂಪದ ಬಾಗಿಲಿಗೇ ಹೋಗುತ್ತೆ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಆ ಕಡೆ ಮೊದಲು ಸಿಗುವುದು ನೀರಿನ ಕೊಳ, ನಡುವೆ ನಿಂತ ಬುದ್ಧನ ಮೂರ್ತಿ, ಅದರ ಮುಂದಿನ ಪಾತ್ರೆಗೆ ನಾಣ್ಯ ಎಸೆಯುವವರ ಗುಂಪು. ಆಮೇಲೆ ಅಂಗಡಿಗಳು. ಅವುಗಳ ನಡುವೆ ನಡೆಯುತ್ತಾ ನಡೆಯುತ್ತಾ ಸ್ತೂಪದ ಪಕ್ಕಕ್ಕೆ ಬಂದುಬಿಟ್ಟಿರುತ್ತೀರಿ. ಅಷ್ಟು ದೊಡ್ಡ ಸ್ತೂಪ ಎದುರಾಗುವ ಗಳಿಗೆಯೇ ಸಿಗುವುದಿಲ್ಲ.

ಅದನ್ನಾದರೂ ಸಹಿಸಿಕೊಳ್ಳಬಹುದು. ನಿಜವಾದ ಕಿರಿಕಿರಿ ಬೇರೆ. ಕಾರು ಹಿಂದೆ ನಿಂತಿದ್ದರೆ ನೀವು ಹಿಂದಕ್ಕೇ ಹೋಗಬೇಕು. ಪೂರ್ವದ ಅಂಚಿಗೆ ಬಂದು ನಿಂತಾಗ ಕಾಲ ಕೆಳಗೆ ಆ ಉದ್ದನೆಯ ಮೆಟ್ಟಿಲು ಸಾಲು ಕಾಣುತ್ತಿತ್ತು, ಜನ ಹತ್ತಿ ಬರುತ್ತಿದ್ದರು. ಅಮ್ಮ, "ನಾನು ಇಲ್ಲೇ ಕೂತಿರ್ತೀನಿ ಕಣೇ, ನೀನು ಬೇಕಾದ್ರೆ ಇಳಿದು ನೋಡ್ಕೊಂಡ್ ಬಾ" ಅಂದರು. ಅಷ್ಟರಲ್ಲಿ ಡ್ರೈವರ್ ಫೋನು. ಕಾರನ್ನು ಪೂರ್ವದ ಬುಡಕ್ಕೆ ತರುತ್ತೀರಾ ಅಂತ ಕೇಳಿದೆ. ಬೆಟ್ಟ ಸುತ್ತಿಕೊಂಡು ಬರಬೇಕು, ಬೇರೆ ದುಡ್ಡಾಗುತ್ತೆ ಅಂದ. ಐದು ನಿಮಿಷ ಬಿಟ್ಟು ಮತ್ತೆ ಫೋನು, ಇನ್ನೆಷ್ಟು ಹೊತ್ತು ಅಂತ. ಅಮ್ಮ ಸ್ತೂಪದ ಸುತ್ತ ಪ್ರಾರ್ಥನಾ ಚಕ್ರ ಒಂದೊಂದನ್ನೂ ತಿರುಗಿಸುತ್ತಾ ನಿಧಾನಕ್ಕೆ ಪ್ರದಕ್ಷಿಣೆ ಬರುತ್ತಿದ್ದವರು, ಆ ಫೋನಿನ ಕಾಟಕ್ಕೆ ಅರ್ಧದಲ್ಲೇ ಬಿಟ್ಟು ಬಂದರು. ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೇ.

ಕೆಳಗೆ ಬಂದರೆ ಇನ್ನೊಂದು ರಗಳೆ. ನೇಪಾಳದಲ್ಲಿ ನಮ್ಮ ರೂಪಾಯಿಗೆ ಐಸಿ, ಅವರ ರೂಪಾಯಿಗೆ ಎನ್‌ಸಿ ಅನ್ನುತ್ತಾರೆ. 100 ಐಸಿಗೆ 160 ಎನ್‌ಸಿ, 1993ರಿಂದಲೂ ಇದೇ ದರ. ಹತ್ತುವಾಗ ಹೋಗಿಬರೋದಕ್ಕೆ 600 ಅಂತ ಮಾತಾಗಿತ್ತು. 600 ಎನ್‌ಸಿ ಕೊಟ್ಟರೆ, "ಐಸಿ ಹೇಳಿದ್ದು ದೀದಿ" ಅಂದ. ಅಂದರೆ 960 ಎನ್‌ಸಿ, ಅದರ ಮೇಲೆ ವೇಟಿಂಗ್ ಬೇರೆಯಂತೆ. ಅಮ್ಮ ಬಿಸಿಲಲ್ಲಿ ನಿಂತಿದ್ದರು, ಜಗಳ ಬೆಳೆಸದೆ ಕೊಟ್ಟು ಕಳಿಸಿದೆ. ಎಲ್ಲರೂ ಹೀಗೆ ಅಂತ ಅಲ್ಲ, ಬೇರೆ ಕಡೆ ತುಂಬ ಒಳ್ಳೆಯ ಡ್ರೈವರ್‌ಗಳೂ ಸಿಕ್ಕಿದ್ದಾರೆ. ಆದರೂ ಕಾರು ಹತ್ತುವ ಮುಂಚೆಯೇ "ಎನ್‌ಸಿ ತಾನೇ?" ಅಂತ ಬಾಯಿಬಿಟ್ಟು ಕೇಳಿ, ಮೊತ್ತವನ್ನು ಫೋನಿನಲ್ಲಿ ಟೈಪ್ ಮಾಡಿ ತೋರಿಸಿ. ಹಿಂದಿಯಲ್ಲಿ ಚೌಕಾಸಿ ಶುರುಮಾಡಿದರೆ ಈ ಗೊಂದಲ ಇನ್ನೂ ಜಾಸ್ತಿ.

ರಿಂಗ್ ರೋಡ್ ಬಸ್ಸೂ ಬೆಟ್ಟದ ಪಶ್ಚಿಮಕ್ಕೇ ಇಳಿಸುತ್ತದೆ, ದುಡ್ಡು ಕಮ್ಮಿ, ನೂಕುನುಗ್ಗಲು ಜಾಸ್ತಿ.

ಇನ್ನು ನಡಿಗೆ. ಥಮೇಲ್‌ನಿಂದ ಛೇತ್ರಪಾಟಿ ದಾಟಿ, ಇಳಿಜಾರಿನಲ್ಲಿ ವಿಷ್ಣುಮತಿ ನದಿಯ ಸೇತುವೆಗೆ ಬಂದು, ಆ ಕಡೆ ಏರಿದರೆ ಬೆಟ್ಟದ ಬುಡ. ಸುಮಾರು ಅರ್ಧ ಗಂಟೆ. ಬೆಳಗಿನ ಜಾವವಾದರೆ ರಸ್ತೆಯಲ್ಲಿ ಗಾಡಿ ಕಮ್ಮಿ. ದಾರಿಯಲ್ಲಿ ಸಣ್ಣ ಅಂಗಡಿಯಲ್ಲಿ ಚಹಾ ಕುಡಿದು, ಅಕ್ಕಿ ಹಿಟ್ಟಲ್ಲಿ ಮಾಡಿದ ಸಿಹಿ ಸೇಲ್ ರೋಟಿ ತಿಂದು ಹೊರಟರೆ ಹೊಟ್ಟೆಗೂ ಸಾಕು. ತಿನ್ನುವುದೆಲ್ಲ ಕೆಳಗೇ ಮುಗಿಸಿ, ಕೈಯಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು ಹತ್ತಬೇಡಿ. ಕೋತಿಗಳಿಗೆ ಅದು ಚೆನ್ನಾಗಿ ಗೊತ್ತು.

ಬುಡದಲ್ಲೇ ಬಣ್ಣ ಬಳಿದ ದೊಡ್ಡ ಬುದ್ಧ ಮೂರ್ತಿಗಳು ಕೂತಿವೆ. ಅಲ್ಲಿಂದ 365 ಮೆಟ್ಟಿಲು. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತಿದವರಿಗೆ ಇದೇನೂ ಅಲ್ಲ ಅನ್ನಿಸುತ್ತೆ, ಶುರುವಿನಲ್ಲಿ ಹಾಗೇ ಇದೆ ಕೂಡ. ಕೊನೆಯ ಭಾಗ ಮಾತ್ರ ತೀರಾ ಕಡಿದು, ಮೆಟ್ಟಿಲು ಸಣ್ಣದು, ಕಂಬಿ ಹಿಡಿದುಕೊಂಡೇ ಹತ್ತಬೇಕು. ಆ ಕಂಬಿಯ ಮೇಲೆ ಕೋತಿ ಮರಿಗಳು ಜಾರುಬಂಡೆ ಆಡುತ್ತಾ ಸರ್ರನೆ ಇಳಿಯುತ್ತವೆ, ಕೈ ತೆಗೆದು ದಾರಿ ಬಿಡಬೇಕಾಗುತ್ತೆ. ನಾನು ಹೋದ ದಿನ ನನ್ನ ಮುಂದೆ ಒಬ್ಬ ನೇವಾರ್ (ಆ ಕಣಿವೆಯ ಮೂಲ ಸಮುದಾಯ) ಅಜ್ಜಿ ಹತ್ತುತ್ತಿದ್ದರು. ಹಿತ್ತಾಳೆ ತಟ್ಟೆಯಲ್ಲಿ ಅಕ್ಕಿ, ಹೂವು, ಕುಂಕುಮ. ದಾರಿಯ ಒಂದು ಸಣ್ಣ ಕಲ್ಲನ್ನೂ ಬಿಡದೆ, ಬೆರಳ ತುದಿಯಲ್ಲಿ ಕುಂಕುಮ ಹಚ್ಚಿ, ನಾಲ್ಕು ಕಾಳು ಅಕ್ಕಿ ಹಾಕಿ, ಮುಂದಿನ ಮೆಟ್ಟಿಲು. ಹಿಂದೆಯೇ ಒಂದು ಕೋತಿ ಆ ಅಕ್ಕಿ ಆರಿಸಿಕೊಂಡು ತಿನ್ನುತ್ತಾ ಬರುತ್ತಿತ್ತು. ಅಜ್ಜಿ ಅದನ್ನು ಓಡಿಸಲೂ ಇಲ್ಲ, ನಿಲ್ಲಲೂ ಇಲ್ಲ. ಆ ವೇಗದಲ್ಲಿ ಅವರ ಹಿಂದೆ ಹತ್ತಿದ್ದರಿಂದ ನನಗೆ ಏದುಸಿರೂ ಬರಲಿಲ್ಲ.

ಕಡಿದಾದ ಆ ಕೊನೆಯ ಮೆಟ್ಟಿಲುಗಳಲ್ಲಿ ತಲೆ ಎತ್ತಿದರೆ ಎದುರಿಗೆ ಚಿನ್ನದ ಲೇಪದ ದೊಡ್ಡ ವಜ್ರ (ಹರಳಲ್ಲ, ವಜ್ರಾಯುಧ), ಅದರ ಹಿಂದೆ ಸ್ತೂಪದ ಕಣ್ಣುಗಳು. ಮೆಟ್ಟಿಲನ್ನೂ ವಜ್ರವನ್ನೂ ಮಾಡಿಸಿದವನು 17ನೇ ಶತಮಾನದ ರಾಜ ಪ್ರತಾಪ ಮಲ್ಲ. ಎರಡು ಪಕ್ಕಕ್ಕೆ ಎರಡು ಶಿಖರ ದೇವಾಲಯ ಕಟ್ಟಿಸಿದವನೂ ಅವನೇ, ಅದರಲ್ಲಿ ಅನಂತಪುರ ಅನ್ನುವುದು 2015ರ ಏಪ್ರಿಲ್ 25ರ ಭೂಕಂಪದಲ್ಲಿ ಕುಸಿಯಿತು. ರಾಜ ಬಯಸಿದ್ದೇ ಈ ದಾರಿ ಅಂತ ಹತ್ತಿ ನಿಂತಾಗ ಅರ್ಥವಾಗುತ್ತದೆ. ಇಲ್ಲಿಂದ ಬಂದವರಿಗೆ ಬೆಳ್ಳನೆ ಗುಮ್ಮಟ, ನಾಲ್ಕೂ ದಿಕ್ಕಿಗೆ ನೋಡುವ ಕಣ್ಣು, ಮೂಗಿನ ಜಾಗದಲ್ಲಿ ನೇಪಾಳಿಯ ಒಂದರ ಅಂಕಿ, ಮೇಲೆ 13 ಚಿನ್ನದ ಬಳೆಗಳು, ಎಲ್ಲವೂ ಒಟ್ಟಿಗೆ ಎದುರಿಗೆ ಬರುತ್ತವೆ. ಆ ಬಳೆಗಳಿಗೆ 2010ರಲ್ಲಿ 20 ಕಿಲೋ ಚಿನ್ನ ಬಳಸಿ ಹೊಸದಾಗಿ ಲೇಪ ಹಾಕಿದರು.

ಊರು ಕಾಣುವುದೂ ಈ ಅಂಚಿನಿಂದಲೇ ಚೆನ್ನ. ಇಡೀ ಕಣಿವೆ ಹಿಂದೆ ಕೆರೆಯಾಗಿತ್ತು, ನಡುವೆ ಅರಳಿದ ಕಮಲದಲ್ಲಿ ತಾನೇ ತಾನಾಗಿ ಜ್ಯೋತಿ ಮೂಡಿತು, ಅದನ್ನು ನೋಡಲು ಬಂದ ಬೋಧಿಸತ್ವ ಮಂಜುಶ್ರೀ ಚೋಭಾರ್‌ನ ಬೆಟ್ಟವನ್ನು ಕತ್ತಿಯಿಂದ ಸೀಳಿ ನೀರು ಹರಿಯಬಿಟ್ಟ ಅನ್ನುವುದು ಅಲ್ಲಿನ ಪುರಾಣ. ಭೂವಿಜ್ಞಾನಿಗಳೂ ಇಲ್ಲಿ ಕೆರೆಯಿತ್ತು ಅನ್ನುತ್ತಾರೆ. ಸುತ್ತ ಬೆಟ್ಟ, ನಡುವೆ ಸಮತಟ್ಟಾದ ನೆಲದ ತುಂಬ ಇಟ್ಟಿಗೆ ಬಣ್ಣದ ಮನೆಗಳು, ದೂರದಲ್ಲಿ ಬೆಳ್ಳಗೆ ಎದ್ದು ನಿಂತ ಧರಹರಾ ಗೋಪುರ. 2015ರಲ್ಲಿ ಬಿದ್ದಿದ್ದನ್ನು ಮತ್ತೆ ಕಟ್ಟಿ 2021ರಲ್ಲಿ ಉದ್ಘಾಟಿಸಿದರು. ಕೆರೆಯ ಕತೆ ಗೊತ್ತಿದ್ದು ನೋಡಿದರೆ ನೋಟವೇ ಬೇರೆ. ಫೋಟೋ ಹುಚ್ಚಿರುವವರಿಗೆ ಒಂದು ಮಾತು: ಬೆಳಿಗ್ಗೆ ಸೂರ್ಯ ನಿಮ್ಮ ಮುಖಕ್ಕೇ ಹೊಡೆಯುತ್ತಾನೆ, ಊರಿನ ಮೇಲೆ ಬೆಳಕು ಬೀಳಬೇಕಾದರೆ ಸಂಜೆಯೇ ಸರಿ. ಅಕ್ಟೋಬರ್, ನವೆಂಬರಿನಲ್ಲಿ ಆಕಾಶ ತಿಳಿಯಾಗಿದ್ದು ಉತ್ತರಕ್ಕೆ ಹಿಮದ ಬೆಟ್ಟಗಳೂ ಸಿಗುತ್ತವೆ. ಮಾರ್ಚ್, ಏಪ್ರಿಲ್‌ನಲ್ಲಿ ಕಾಡ್ಗಿಚ್ಚಿನ ಹೊಗೆ, ಧೂಳು, ಎಲ್ಲ ಮಸುಕು.

ಟಿಕೆಟ್‌ಗೆ ಭಾರತೀಯರು ಅಂತ ಗುರುತಿನ ಚೀಟಿ ತೋರಿಸಿ, ಸಾರ್ಕ್ ದೇಶದವರಿಗೆ ದರ ಕಮ್ಮಿ. ಬೂಟು ಬಿಚ್ಚಬೇಕಾಗಿಲ್ಲ, ಹಾಕಿಕೊಂಡೇ ಸ್ತೂಪ ಸುತ್ತಬಹುದು. ಶನಿವಾರ ನೇಪಾಳಕ್ಕೆ ವಾರದ ರಜೆ, ಅವತ್ತು ಜನ ಜಾಸ್ತಿ.

ನಾನು ದಿನಾ ಬೆಳಿಗ್ಗೆ ಲಾಲ್‌ಬಾಗ್ ಸುತ್ತುವವಳು, ಐದಕ್ಕೆ ಎಚ್ಚರ ಆಗಿಬಿಡುತ್ತೆ, ಟ್ಯಾಕ್ಸಿಗೆ ಕೊಡುವ ದುಡ್ಡಲ್ಲಿ ಪಾಟನ್‌ನಲ್ಲಿ ಒಂದು ಹೊತ್ತು ಚೆನ್ನಾಗಿ ಊಟ ಮಾಡೋಣ ಅನ್ನುವ ಪೈಕಿ. ಹಾಗಾಗಿ ನನಗೆ ನಡಿಗೆ ಸುಲಭದ ತೀರ್ಮಾನ. ಎಂಟಕ್ಕೆ ಏಳುವವರು ನಡೆದರೆ ಛೇತ್ರಪಾಟಿಯ ಬೈಕು, ಹಾರ್ನು, ಧೂಳಿನಲ್ಲೇ ಸುಸ್ತಾಗುತ್ತಾರೆ, ಅವರು ಮೆಟ್ಟಿಲಿನ ಬುಡದವರೆಗೆ ಟ್ಯಾಕ್ಸಿಯಲ್ಲಿ ಹೋಗಿ ಅಲ್ಲಿಂದ ಹತ್ತಲಿ.

ಅಮ್ಮನಂತೆ ಮಂಡಿ ನೋವಿರುವವರು ಜೊತೆಗಿದ್ದರೆ ನಾನು ಇನ್ನು ಮುಂದೆ ಮಾಡುವುದು ಹೀಗೆ. ಅವರನ್ನು ಯಾರಾದರೊಬ್ಬರ ಜೊತೆ ಟ್ಯಾಕ್ಸಿಯಲ್ಲಿ ಹಿಂದಿನ ಗೇಟಿಗೆ ಕಳಿಸುವುದು. ಡ್ರಾಪ್ ಮಾತ್ರ, ವೇಟಿಂಗ್ ಬೇಡ. ಸ್ತೂಪದ ಪಕ್ಕದಲ್ಲೇ ಹಾರತಿ ದೇವಿಯ ಗುಡಿ ಇದೆ, ಮಕ್ಕಳ ಆರೋಗ್ಯಕ್ಕೆ ಅಂತ ಹಿಂದೂಗಳೂ ಬೌದ್ಧರೂ ಹರಕೆ ಹೊರುವ ಜಾಗ. ಅದರ ಹತ್ತಿರ ಕೂತಿರಿ ಅಂದರೆ ಹುಡುಕುವುದು ಸುಲಭ. ನಾನು ಮೆಟ್ಟಿಲು ಹತ್ತಿ ಅಲ್ಲಿಗೇ ಬರುತ್ತೇನೆ, ಪ್ರದಕ್ಷಿಣೆ ಅವರಿಗೆ ಎಷ್ಟು ಬೇಕೋ ಅಷ್ಟು. ವಾಪಸ್ಸಿಗೆ ಹಿಂದಿನ ಗೇಟಿನಲ್ಲೇ ಬೇರೆ ಟ್ಯಾಕ್ಸಿ.